ಗಡಿ ಬದಲಾದಾಗ ನಂಬಿಕೆ ಯಾರ ಕೈಯಲ್ಲಿರುತ್ತದೆ?

ಗೋಕಾಕ ಫಾಲ್ಸಿನಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಘಟಪ್ರಭಾ ನದಿ ಸಹ್ಯಾದ್ರಿಯ ಮಗ್ಗುಲಿನಿಂದ ಹೊರಟು, ಚಂದಗಡದ ಸೀಮೆಯನ್ನು ಹಾದು ಬರುತ್ತದೆ. 1956ರ ಅಕ್ಟೋಬರ್ 31ರವರೆಗೆ ಚಂದಗಡವೂ ಗೋಕಾಕವೂ ಒಂದೇ ಜಿಲ್ಲೆಯ ತಾಲೂಕುಗಳಾಗಿದ್ದವು. ಎರಡಕ್ಕೂ ಒಬ್ಬನೇ ಕಲೆಕ್ಟರ್, ಒಂದೇ ಜಿಲ್ಲಾ ನ್ಯಾಯಾಲಯ. ಮರುದಿನ ಬೆಳಗಾಗುವಷ್ಟರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರ ಮೇ 1ರಂದು ಮುಂಬಯಿ ರಾಜ್ಯವೇ ಒಡೆದು ಮಹಾರಾಷ್ಟ್ರವಾಯಿತು. ಹೀಗೆ ಒಂದೇ ಜಿಲ್ಲೆಯ ನೀರು ಎರಡು ರಾಜ್ಯಗಳ ನೀರಾಯಿತು.

ಫಾಲ್ಸಿನ ಪಕ್ಕದಲ್ಲೇ ಹತ್ತೊಂಬತ್ತನೇ ಶತಮಾನದಲ್ಲಿ ಆರಂಭವಾದ ನೂಲಿನ ಗಿರಣಿ ಇದೆ. ಅದರ ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡು ಬೆಳೆದ ಮನೆಗಳು ಅಲ್ಲಿ ಬಹಳ. ಅಂಥ ಮನೆಯ ಹಿರಿಯರೊಬ್ಬರೊಡನೆ ಚಹದಂಗಡಿಯಲ್ಲಿ ಕುಳಿತಿದ್ದಾಗ ನಾವು ಗಡಿ ವಿವಾದದ ಮಾತು ತೆಗೆದೆವು. ಅವರು ಹೇಳಿದ್ದಿಷ್ಟು: “ನಮ್ಮಪ್ಪ ಮುಂಬೈ ಸರಕಾರದಾಗ ಗಿರಣಿಗೆ ಸೇರಿದ. ನಾ ಮೈಸೂರ ಸರಕಾರದಾಗ ಸಾಲಿಗೆ ಹೋದ್ನಿ. ನನ್ನ ಮಗ ಕರ್ನಾಟಕ ಸರಕಾರದಾಗ ಹುಟ್ಟ್ಯಾನ. ಮನಿ ಮಾತ್ರ ಅಲ್ಲೇ ಐತ್ರಿ. ಕೆಲಸ ಆಗಬೇಕಂದ್ರ ಅವಾಗೂ ಬೆಳಗಾಂವಿಗೆ ಹೋಗಬೇಕಿತ್ತು, ಈಗೂ ಬೆಳಗಾಂವಿಗೇ ಹೋಗಬೇಕು.” ಹೀಗೆಂದು ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ನಮ್ಮೊಂದಿಗೆ ಊರಿಗೂ ಬಂತು.

ಮೂರು ತಲೆಮಾರು, ಮೂರು ಸರಕಾರ. ಮನೆಯಿಂದ ಒಂದು ಹೆಜ್ಜೆಯೂ ಕದಲದೆ ಒಬ್ಬ ಮನುಷ್ಯ ಬೇರೆ ಬೇರೆ ಪ್ರಭುತ್ವಗಳ ಪ್ರಜೆಯಾಗುತ್ತಾನೆ. ಹಾಗಾದಾಗ ಹಳೆಯ ಪ್ರಭುತ್ವದ ಮೇಲೆ ಅವನಿಟ್ಟಿದ್ದ ನಂಬಿಕೆ ಎಲ್ಲಿಗೆ ಹೋಗುತ್ತದೆ? ಹೊಸದು ಅದನ್ನು ತಾನಾಗಿಯೇ ಪಡೆದುಕೊಳ್ಳುತ್ತದೆಯೇ, ಅಥವಾ ಮೊದಲಿನಿಂದ ಗಳಿಸಬೇಕೆ? ಹಳೆಯ ಸರಕಾರ ಕೊಟ್ಟ ಮಾತಿಗೆ ಹೊಸ ಸರಕಾರ ಬದ್ಧವೇ? ಗಡಿಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ಯಾವ ಊರು ಯಾರಿಗೆ ಸೇರಬೇಕು ಎಂಬಲ್ಲಿಗೇ ನಿಲ್ಲುತ್ತವೆ. ಊರು ಸೇರಿದ ಮೇಲೆ ಊರಿನವರಿಗೆ ಏನು ಸಲ್ಲಬೇಕು ಎಂಬ ನೈತಿಕ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಸಂಸ್ಥೆಯ ಮೇಲಿನ ನಂಬಿಕೆ ಎಂದರೆ ಅದರ ಮೇಲಿನ ಪ್ರೀತಿ ಎಂದು ನಾವು ತಿಳಿಯಬೇಕಾಗಿಲ್ಲ. ತಹಶೀಲ್ದಾರರ ಕಚೇರಿಯನ್ನು ಯಾರೂ ಪ್ರೀತಿಸುವುದಿಲ್ಲ. ಕಿಟಕಿಯಲ್ಲಿ ಅರ್ಜಿ ಕೊಟ್ಟು, ರಸೀದಿ ಪಡೆದು, ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡಲು ಸಾಧ್ಯವಾದರೆ ಅಲ್ಲಿ ನಂಬಿಕೆ ಇದೆ ಎಂದರ್ಥ. ಅರ್ಜಿ ಕೊಟ್ಟ ಮೇಲೂ ಪರಿಚಯದವರನ್ನು ಹುಡುಕಬೇಕು, ಪುಢಾರಿಯ ಮನೆಯ ಮುಂದೆ ನಿಲ್ಲಬೇಕು ಎನ್ನಿಸಿದರೆ ಅಲ್ಲಿ ನಂಬಿಕೆ ಇಲ್ಲ. ಅರಬಿಯಲ್ಲಿ ಇದಕ್ಕೊಂದು ಪದವಿದೆ: ಅಮಾನತ್. ಒಬ್ಬರು ನಂಬಿ ಒಪ್ಪಿಸಿದ್ದನ್ನು ಇನ್ನೊಬ್ಬರು ಕಾದಿಟ್ಟು, ಕೇಳಿದಾಗ ಹಾಗೆಯೇ ಮರಳಿಸುವುದು. ಅಧಿಕಾರವೂ ಒಂದು ಅಮಾನತ್ತೇ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದೇವೆ. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ತಪ್ಪು ಮಾಡಿದ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದಕ್ಕೆ ಹೆಸರಾಗಿದೆ. ತಾಲೂಕು ಎಂಬುದೂ ಅರಬಿಯ ‘ತಅಲ್ಲುಕ್’ನಿಂದ ಬಂದದ್ದು. ಅದರ ಮೂಲ ಅರ್ಥ ಸಂಬಂಧ. ಜನರಿಗೂ ಆಡಳಿತಕ್ಕೂ ಇರುವ ಸಂಬಂಧದ ಹೆಸರನ್ನು ನಾವು ಒಂದು ಕಟ್ಟಡಕ್ಕೆ, ಒಂದು ಬೋರ್ಡಿಗೆ ಕೊಟ್ಟು ಮರೆತಿದ್ದೇವೆ.

ಈ ಸೀಮೆಯಲ್ಲಿ ಪದಗಳು ಪ್ರಭುತ್ವಗಳಿಗಿಂತ ಹೆಚ್ಚು ಕಾಲ ಬಾಳಿವೆ. ಗೋಕಾಕ ಆದಿಲಶಾಹಿಗಳನ್ನು ಕಂಡಿದೆ, ಸವಣೂರು ನವಾಬರನ್ನು ಕಂಡಿದೆ, ಪೇಶ್ವೆಯವರ ಕಾಲವನ್ನು ಕಂಡಿದೆ. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಈ ಭಾಗದಲ್ಲಿ ಬ್ರಿಟಿಷರ ಆಳ್ವಿಕೆ ಬೇರೂರಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಆಳುವವರು ಬದಲಾದರೂ ಜಮೀನಿನ ಕಾಗದಕ್ಕೆ ಇಲ್ಲಿನ ರೈತ ಇಂದಿಗೂ ‘ಉತಾರ’ ಎನ್ನುತ್ತಾನೆ. ಹಳೆಯ ಮೈಸೂರಿನವನಿಗೆ ಅದು ಪಹಣಿ. ಇಲ್ಲಿನ ಹಿರಿಯರಿಗೆ ಗ್ರಾಮ ಲೆಕ್ಕಿಗ ಈಗಲೂ ‘ತಲಾಠಿ’, ತಹಶೀಲ್ದಾರರು ‘ಮಾಮಲೇದಾರ’, ಉಪವಿಭಾಗದ ಅಧಿಕಾರಿ ‘ಪ್ರಾಂತ ಸಾಹೇಬ’. ಎಪ್ಪತ್ತು ವರ್ಷಗಳ ಹಿಂದೆ ಮುಗಿದುಹೋದ ಮುಂಬಯಿ ಆಡಳಿತ ಜನರ ನಾಲಿಗೆಯ ಮೇಲೆ ಇನ್ನೂ ಮುಗಿದಿಲ್ಲ.

ಪದಗಳು ಉಳಿಯುವ ಹಾಗೆ ನಂಬಿಕೆ, ಅಪನಂಬಿಕೆಗಳೂ ಉಳಿಯುತ್ತವೆಯೇ? ಯುರೋಪಿನಲ್ಲಿ ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದ್ದಾರೆ. ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ 1918ರಲ್ಲಿ ಅಳಿಯಿತು. ಅದರ ಹಳೆಯ ಗಡಿರೇಖೆ ಇಂದಿನ ಪೋಲೆಂಡ್, ಉಕ್ರೇನ್, ರೊಮೇನಿಯಾ, ಸರ್ಬಿಯಾ, ಮಾಂಟೆನೆಗ್ರೊ ದೇಶಗಳ ನಡುವೆ ಹಾದುಹೋಗುತ್ತದೆ. ಒಂದೇ ದೇಶದೊಳಗೆ ಆ ರೇಖೆಯ ಆಚೀಚೆ ಇರುವ ಊರುಗಳ ಜನರನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂದು ಕಾಲಕ್ಕೆ ಆ ಸಾಮ್ರಾಜ್ಯದೊಳಗಿದ್ದ ಊರುಗಳವರು ನ್ಯಾಯಾಲಯ ಮತ್ತು ಪೊಲೀಸರನ್ನು ಹೆಚ್ಚು ನಂಬುತ್ತಾರೆ, ಲಂಚವನ್ನೂ ಕಡಿಮೆ ಕೊಡುತ್ತಾರೆ ಎಂಬುದು ಅದರ ತೀರ್ಮಾನ. ಆ ಸಾಮ್ರಾಜ್ಯ ಅಳಿದು ಎರಡು ಮಹಾಯುದ್ಧಗಳ ಕಾಲ, ಕಮ್ಯುನಿಸ್ಟ್ ಆಳ್ವಿಕೆಯ ಕಾಲ ಎಲ್ಲವೂ ಕಳೆದಿದ್ದವು. ಆದರೂ ಒಳ್ಳೆಯ ಕಚೇರಿಯ ನೆನಪು ಮಕ್ಕಳು ಮೊಮ್ಮಕ್ಕಳವರೆಗೆ ಹರಿದು ಬಂದಿತ್ತು.

ಈ ತೀರ್ಮಾನವನ್ನು ಹಾಗೇ ತಂದು ನಮ್ಮ ಗಡಿಗೆ ಅಂಟಿಸಲು ನಮಗೆ ಮನಸ್ಸಿಲ್ಲ. ಮುಂಬಯಿ ಆಡಳಿತದಲ್ಲಿ ಕಾಗದಪತ್ರ ಅಚ್ಚುಕಟ್ಟಾಗಿತ್ತು ಎಂದು ಹಳಬರು ಹೊಗಳುವುದನ್ನು ಕೇಳಿದ್ದೇವೆ. ಆ ಕಾಗದಪತ್ರ ಯಾರ ಭಾಷೆಯಲ್ಲಿತ್ತು ಎಂಬುದನ್ನು ಹೊಗಳುವವರು ಹೇಳುವುದಿಲ್ಲ. ಬೆಳಗಾವಿ, ಧಾರವಾಡ ಭಾಗದ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಅಕ್ಷರ ಕಲಿಯಬೇಕಾದ ಕಾಲವೊಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಯಿತು. ಕಚೇರಿ ಎಷ್ಟೇ ನಿಯತ್ತಿನದಾದರೂ ಅದು ನನ್ನ ಮಾತನ್ನು ಕೇಳಿಸಿಕೊಳ್ಳದಿದ್ದರೆ ಅದರ ನಿಯತ್ತಿನಿಂದ ನನಗೇನು ಬಂತು? 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗಲೇ ಕರ್ನಾಟಕ ಏಕೀಕರಣದ ಸಮ್ಮೇಳನವೂ ಅಲ್ಲೇ ನಡೆಯಿತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಹುಬ್ಬಳ್ಳಿ ಹೊತ್ತಿ ಉರಿಯಿತು. ಜನ ಕೇಳಿದ್ದು ನಕ್ಷೆಯ ಮೇಲಿನ ಗೆರೆಯೊಂದನ್ನೇ ಎಂದುಕೊಂಡರೆ ನಾವು ಅವರನ್ನು ತಪ್ಪು ತಿಳಿದಂತೆ. ತಮ್ಮ ಮಾತು ತಿಳಿಯುವ ಕಚೇರಿ ಅವರಿಗೆ ಬೇಕಾಗಿತ್ತು.

ಕಚೇರಿ ಸಿಕ್ಕಿತು. ಆದರೆ ಅದು ಬೆಂಗಳೂರಿನಲ್ಲಿತ್ತು, ಐನೂರು ಕಿಲೋಮೀಟರ್ ದೂರದಲ್ಲಿ. ಭಾಷೆ ನಮ್ಮದಾಯಿತು, ರಾಜಧಾನಿ ನಮ್ಮದಾಗಲಿಲ್ಲ ಎಂಬ ಕೊರಗು ಈ ಭಾಗದಲ್ಲಿ ಏಕೀಕರಣದಷ್ಟೇ ಹಳೆಯದು. ಪ್ರತ್ಯೇಕ ಉತ್ತರ ಕರ್ನಾಟಕ ರಾಜ್ಯ ಬೇಕೆಂದು ಬಹಿರಂಗವಾಗಿ, ಸಚಿವರಾಗಿದ್ದಾಗಲೂ, ಮತ್ತೆ ಮತ್ತೆ ಹೇಳುತ್ತಿದ್ದ ಉಮೇಶ ಕತ್ತಿಯವರು ಇದೇ ಹುಕ್ಕೇರಿಯ ಶಾಸಕರಾಗಿದ್ದರು. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಅವರನ್ನು ಕೇವಲ ಸುದ್ದಿಗಾಗಿ ಮಾತನಾಡುವವರು ಎಂದು ಬೆಂಗಳೂರಿನ ಪತ್ರಿಕೆಗಳು ತಳ್ಳಿಹಾಕುತ್ತಿದ್ದಾಗ, ಹುಕ್ಕೇರಿಯ ಮತದಾರರು ಅವರನ್ನು ಏಕೆ ಮರಳಿ ಮರಳಿ ಆರಿಸುತ್ತಿದ್ದರು ಎಂದು ಕೇಳಿಕೊಳ್ಳಬೇಕಿತ್ತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮಾನತೆಯ ಲೆಕ್ಕ ಕೊಟ್ಟಿತು. 2006ರಲ್ಲಿ ಮೊದಲ ಬಾರಿಗೆ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ವರ್ಷಕ್ಕೆ ಹೆಚ್ಚುಕಡಿಮೆ ಎರಡು ವಾರ ಅಲ್ಲಿ ಸದನ ಸೇರುತ್ತದೆ. ಉಳಿದ ದಿನಗಳಲ್ಲಿ ಹೆದ್ದಾರಿಯ ಪಕ್ಕ ಅದು ಮೌನವಾಗಿ ನಿಂತಿರುತ್ತದೆ. ಬಸ್ಸಿನಲ್ಲಿ ಹೋಗುವವರು ಮಕ್ಕಳಿಗೆ ತೋರಿಸುತ್ತಾರೆ. 2021ರಲ್ಲಿ ‘ಮುಂಬಯಿ ಕರ್ನಾಟಕ’ ಎಂಬ ಹೆಸರನ್ನೂ ‘ಕಿತ್ತೂರು ಕರ್ನಾಟಕ’ ಎಂದು ಬದಲಾಯಿಸಲಾಯಿತು. ಇವೆಲ್ಲ ಬೇಡವಾಗಿದ್ದವು ಎಂದು ನಾವು ಹೇಳುತ್ತಿಲ್ಲ. ಆದರೆ ಗುರುತಿನ ಮಟ್ಟಿಗೆ ಕೊಟ್ಟಷ್ಟು ಧಾರಾಳವಾಗಿ ಗೋಕಾಕದ ಮನುಷ್ಯನಿಗೆ ಕೆಲಸದ ಮಟ್ಟಿಗೆ ಕೊಟ್ಟದ್ದೇನು ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗುತ್ತದೆ.

ಇನ್ನು ತೀರದ ವಿವಾದದ ವಿಷಯ. ಸೇನಾಪತಿ ಬಾಪಟರ ಉಪವಾಸದ ನಂತರ ಕೇಂದ್ರ ಸರಕಾರ 1966ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. ಮರುವರ್ಷ ವರದಿ ಬಂತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಬೇಕು, ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ ಕಡೆಯ 247 ಹಳ್ಳಿಗಳು ಇತ್ತ ಬರಬೇಕು ಎಂದು ಅದು ಹೇಳಿತು. ಕೇರಳದ ಕಾಸರಗೋಡಿನಲ್ಲಿ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದೂ ಹೇಳಿತು. ಆ 264ರಲ್ಲಿ ಹುಕ್ಕೇರಿ ತಾಲೂಕಿನ 9 ಹಳ್ಳಿಗಳೂ ಇದ್ದವು. ಆಯೋಗವನ್ನು ಕೇಳಿದ್ದ ಮಹಾರಾಷ್ಟ್ರವೇ ವರದಿಯನ್ನು ತಿರಸ್ಕರಿಸಿತು. ಕರ್ನಾಟಕ ‘ಮಹಾಜನ ವರದಿಯೇ ಅಂತಿಮ’ ಎಂಬ ಘೋಷಣೆಯನ್ನು ಹಿಡಿದುಕೊಂಡಿತು. ಹಾಗೆಂದರೆ ಖಾನಾಪುರ, ನಿಪ್ಪಾಣಿಗಳನ್ನು ಬಿಟ್ಟುಕೊಡುವುದೂ ಅದರೊಳಗೇ ಬಂತು ಎಂಬುದನ್ನು ಘೋಷಣೆ ಕೂಗುವವರಲ್ಲಿ ಎಷ್ಟು ಮಂದಿ ಯೋಚಿಸಿದ್ದಾರೋ ತಿಳಿಯದು. ಕೊನೆಗೆ ಸಂಸತ್ತು ಏನನ್ನೂ ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾವೆ ಎರಡು ದಶಕ ದಾಟಿದೆ.

ಹುಕ್ಕೇರಿಯ ಆ 9 ಹಳ್ಳಿಗಳಲ್ಲಿ 1967ರಲ್ಲಿ ಹುಟ್ಟಿದ ಮಗುವನ್ನು ನಾವು ಊಹಿಸಿಕೊಳ್ಳೋಣ. ಇಂದು ಅವನಿಗೆ ಅರವತ್ತರ ಹತ್ತಿರದ ವಯಸ್ಸು. ತನ್ನ ಊರು ಯಾವ ರಾಜ್ಯದ್ದು ಎಂಬ ಪ್ರಶ್ನೆಗೆ ‘ಸದ್ಯಕ್ಕೆ’ ಎಂಬ ಮಾತು ಸೇರಿಸದೆ ಉತ್ತರ ಕೊಡುವ ಅವಕಾಶ ಅವನಿಗೆ ಸಿಕ್ಕಿಲ್ಲ. ಇಂಥವನ ಊರಿಗೆ ಶಾಲೆ, ರಸ್ತೆ ಕೇಳಿದರೆ ಇತ್ತಲಿನ ಅಧಿಕಾರಿಗೆ ಅನುಮಾನ, ನಾಳೆ ಊರೇ ನಮ್ಮದಾಗಿರದಿದ್ದರೆ? ಅತ್ತಲಿನ ರಾಜಕಾರಣಿಗೆ ಕಣ್ಣೀರು, ಆದರೆ ಕೊಡಲು ಕೈಯಲ್ಲಿ ಅಧಿಕಾರವಿಲ್ಲ. ಜತ್ತದ ಕನ್ನಡಿಗನ ಸ್ಥಿತಿಯನ್ನು ಕನ್ನಡಿಯಲ್ಲಿ ನೋಡಿದರೆ ಬೆಳಗಾವಿಯ ಮರಾಠಿಗ ಕಾಣಿಸುತ್ತಾನೆ. ಕಾಸರಗೋಡಿನಲ್ಲಿ ಬಂಧುಬಳಗ ಇರುವ ನಮ್ಮ ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರು ಬಂದಾಗ ನಮಗಾಗುವ ನೋವು ನಿಜವಾದರೆ, ಮರಾಠಿಯಲ್ಲಿ ಸುತ್ತೋಲೆ ಸಿಗದ ಬೆಳಗಾವಿಯ ಹಳ್ಳಿಯವನ ದೂರೂ ನಿಜವೇ. ಒಂದನ್ನು ಅನ್ಯಾಯವೆಂದೂ ಇನ್ನೊಂದನ್ನು ಉದ್ಧಟತನವೆಂದೂ ಕರೆಯುವುದು ನಮಗೆ ಅಭ್ಯಾಸವಾಗಿ ಹೋಗಿದೆ.

ಈ ವಿವಾದದ ನೇರ ಕಕ್ಷಿಗಳಲ್ಲದವರೂ ಅದರ ದಂಡ ತೆರುತ್ತಾರೆ. ಅದಕ್ಕೆ ಸಾಕ್ಷಿ ಗೋಕಾಕವೇ. ಬೆಳಗಾವಿ ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ಜಿಲ್ಲೆ, 13,415 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ 47 ಲಕ್ಷ ದಾಟಿತ್ತು. ವಿಧಾನಸಭೆಗೆ ಇಲ್ಲಿಂದ 18 ಮಂದಿ ಆರಿಸಿಹೋಗುತ್ತಾರೆ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ರಾಜ್ಯದಲ್ಲಿ ಹೊಸ ಜಿಲ್ಲೆಗಳನ್ನು ಮಾಡಿದಾಗ ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರಗಳು ಜಿಲ್ಲೆಗಳಾದವು. ಬೆಳಗಾವಿಯನ್ನೂ ಒಡೆದು ಗೋಕಾಕ, ಚಿಕ್ಕೋಡಿ ಎಂಬ ಎರಡು ಹೊಸ ಜಿಲ್ಲೆಗಳನ್ನು ಮಾಡುವ ಆದೇಶ ಹೊರಟಿತು. ಬೆಳಗಾವಿಯ ಕನ್ನಡ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಗೋಕಾಕ, ಚಿಕ್ಕೋಡಿಗಳ ಕನ್ನಡ ಜನಸಂಖ್ಯೆ ಹೊರಗೆ ಹೋದರೆ ಉಳಿದ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿಯ ಪ್ರಮಾಣ ಏರುತ್ತದೆ, ಅದು ಮಹಾರಾಷ್ಟ್ರದ ವಾದಕ್ಕೆ ಬಲ ಕೊಡುತ್ತದೆ ಎಂಬುದು ಅವರ ಆತಂಕ. ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು.

ಆ ಆತಂಕವನ್ನು ಹುಚ್ಚು ಎನ್ನಲಾಗದು. ಬೆಳಗಾವಿಯ ಮಹಾನಗರ ಪಾಲಿಕೆ 2005ರಲ್ಲಿ ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿದ್ದು, ಅದಕ್ಕಾಗಿ ಅಲ್ಲಿನ ಮೇಯರ್‌ಗೆ ಬೆಂಗಳೂರಿನಲ್ಲಿ ಮಸಿ ಬಳಿದದ್ದು, ಸರಕಾರ ಪಾಲಿಕೆಯನ್ನೇ ವಿಸರ್ಜಿಸಿದ್ದು ನಮಗೆ ನೆನಪಿದೆ. ಆ ನಗರದಲ್ಲಿ ಕನ್ನಡಕ್ಕಾಗಿ ದಶಕಗಳ ಕಾಲ ಹೋರಾಡಿದವರು ಅಂಕಿಗಳ ಮೇಲೆ ಕಣ್ಣಿಟ್ಟು ಕೂರುವುದು ಸಹಜ. ಆದರೂ ನಮಗೆ ಅನ್ನಿಸುವುದನ್ನು ಹೇಳಲೇಬೇಕು. ಗೋಕಾಕದಿಂದ ಬೆಳಗಾವಿಗೆ ಎಪ್ಪತ್ತು ಕಿಲೋಮೀಟರ್‌ನಷ್ಟು ದಾರಿ. ಮೂಡಲಗಿಯ ಆಚೆಯ ಹಳ್ಳಿಗಳಿಂದ ಇನ್ನೂ ದೂರ. ವಿಧವಾ ವೇತನದ ತಕರಾರಿಗೋ, ಜಮೀನಿನ ಮೇಲ್ಮನವಿಗೋ ಜಿಲ್ಲಾ ಕಚೇರಿಗೆ ಹೋಗಬೇಕಾದ ಹೆಂಗಸು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ಚಾರ್ಜು ಕೊಡಬೇಕು, ಸಾಹೇಬರು ಸಿಗದಿದ್ದರೆ ಇನ್ನೊಂದು ದಿನ ಬರಬೇಕು. ಕನ್ನಡದ ಶೇಕಡಾವಾರು ಲೆಕ್ಕವನ್ನು ಕಾಯುವ ಕೆಲಸ ಆಕೆಯ ಹೆಗಲಿಗೆ ಬಿದ್ದಿದೆ. ಆಕೆಯನ್ನು ಯಾರೂ ಕೇಳಿಲ್ಲ. ಒಂದು ಊರನ್ನು ತನ್ನಲ್ಲಿ ಉಳಿಸಿಕೊಳ್ಳಲು ರಾಜ್ಯವು ಇನ್ನೊಂದು ಊರಿನ ಜನರನ್ನು ತಕ್ಕಡಿಯ ತೂಕದ ಕಲ್ಲಾಗಿ ಬಳಸಬಹುದೇ? ಬಳಸಬಾರದು ಎಂಬುದು ನಮ್ಮ ಅಭಿಪ್ರಾಯ. ಮನುಷ್ಯರನ್ನು ಎಣಿಕೆಗಾಗಿ ಹಿಡಿದಿಟ್ಟುಕೊಳ್ಳುವ ರಾಜ್ಯ ತನ್ನ ಹಕ್ಕಿನ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ.

ಎಣಿಕೆಯ ಮಾತು ಬಂದಾಗ ನಮ್ಮದೇ ಒಂದು ಪ್ರಶ್ನೆ. ಗೋಕಾಕ, ಹುಕ್ಕೇರಿ, ನಿಪ್ಪಾಣಿ ಕಡೆಯ ಮುಸ್ಲಿಮರ ಮನೆಗಳಲ್ಲಿ ದಖನಿ ಮಾತು, ಸಂತೆಯಲ್ಲಿ ಕನ್ನಡ, ಎಷ್ಟೋ ಕಡೆ ಮರಾಠಿಯೂ. ಜನಗಣತಿಯವರು ಬಂದಾಗ ಉರ್ದು ಎಂದು ಬರೆಸುತ್ತಾರೆ. ಊರೊಂದು ಕನ್ನಡದ್ದೋ ಮರಾಠಿಯದ್ದೋ ಎಂದು ಅಳೆಯುವಾಗ ಈ ಮನೆಗಳು ಯಾವ ತಟ್ಟೆಗೆ? ಎರಡೂ ಕಡೆಯವರಿಗೆ ಅವು ಲೆಕ್ಕಕ್ಕೆ ಸಿಗದ ಶೇಷ. ಭಾಷೆಯ ಆಧಾರದ ಮೇಲೆ ಗಡಿ ಎಳೆಯುವಾಗ ಎರಡು ಭಾಷೆಗಳಿಗೂ ಸೇರದ, ಎರಡನ್ನೂ ಆಡುವ ಜನ ಇರುತ್ತಾರೆ ಎಂಬುದು ಗಡಿ ಎಳೆಯುವವರಿಗೆ ತಡವಾಗಿ ಹೊಳೆಯುತ್ತದೆ. ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿದ್ದವರು ನ್ಯಾಯಮೂರ್ತಿ ಸಯ್ಯದ್ ಫಜಲ್ ಅಲಿ. ಅವರ ಆಯೋಗದ 1955ರ ವರದಿ ಭಾಷೆಯೊಂದನ್ನೇ ಏಕೈಕ ಅಳತೆಗೋಲು ಮಾಡಿಕೊಳ್ಳಲು ಒಪ್ಪಿರಲಿಲ್ಲ, ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ವಿವರವಾಗಿ ಶಿಫಾರಸು ಮಾಡಿತ್ತು. ಆ ಭಾಗವನ್ನು ಓದಿದವರು ಕಡಿಮೆ.

ಗೋಕಾಕ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗೋಕಾಕ ಚಳವಳಿ. ಅದು ಈ ಊರಲ್ಲಿ ನಡೆದದ್ದಲ್ಲ. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕೊಟ್ಟ ವರದಿಯಿಂದ ಅದಕ್ಕೆ ಆ ಹೆಸರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ ಶಿಫಾರಸಿನ ಪರ 1982ರಲ್ಲಿ ರಾಜಕುಮಾರ್ ಅವರ ನೇತೃತ್ವದಲ್ಲಿ ನಾಡೇ ಎದ್ದಿತು. ಆಗ ಉರ್ದು ಮನೆಗಳಲ್ಲಿ ಅಂಜಿಕೆ ಹುಟ್ಟಿದ್ದು ಸುಳ್ಳಲ್ಲ. ಹಿಂತಿರುಗಿ ನೋಡಿದರೆ ನಮ್ಮ ಸಮುದಾಯದ ಕೆಲವು ನಾಯಕರು ಆ ಅಂಜಿಕೆಯನ್ನು ಬೇಕೆಂದೇ ಬೆಳೆಸಿದರು, ಮಕ್ಕಳು ಕನ್ನಡ ಕಲಿತರೆ ಏನೋ ಕಳೆದುಹೋಗುತ್ತದೆ ಎಂಬಂತೆ ಮಾತನಾಡಿದರು ಎಂದು ಹೇಳಲು ನಮಗೆ ಸಂಕೋಚವಿಲ್ಲ. ಕನ್ನಡ ಕಲಿತವರು ಕಳೆದುಕೊಂಡದ್ದೇನೂ ಇಲ್ಲ, ನಾವು ಇಲ್ಲಿ ಬರೆಯುತ್ತಿರುವುದೂ ಕನ್ನಡದಲ್ಲೇ. ಆದರೆ ಹೆದರಿದವರಿಗೆ ಹೆದರಬೇಡಿ ಎಂದು ಪ್ರಭುತ್ವದ ಕಡೆಯಿಂದ ಹೇಳಬೇಕಾದವರು ಆ ದಿನಗಳಲ್ಲಿ ಎಷ್ಟು ಹೇಳಿದರು ಎಂಬ ಪ್ರಶ್ನೆಯೂ ಉಳಿದಿದೆ.

ನಂಬಿಕೆ ಗಡಿಯಲ್ಲಿ ಹೇಗೆ ತುಂಡಾಗುತ್ತದೆ ಎಂಬುದನ್ನು 2019ರ ಆಗಸ್ಟ್ ತೋರಿಸಿತು. ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿತು. ಮೊಣಕಾಲ ಮಟ್ಟದಿಂದ ಎದೆಮಟ್ಟಕ್ಕೆ ಏರುವ ನೀರಿನಲ್ಲಿ ಜನ ಮಕ್ಕಳನ್ನೆತ್ತಿಕೊಂಡು ನಡೆದರು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ಸುದ್ದಿ, ಮೇಲಿನ ಮಹಾರಾಷ್ಟ್ರದ ಮಳೆಯ ಸುದ್ದಿ, ಗಾಳಿಸುದ್ದಿ ಎಲ್ಲ ಒಟ್ಟಾಗಿ ಬಂದವು. ಇತ್ತ ನಾವು ‘ಮಹಾರಾಷ್ಟ್ರದವರು ನೀರು ಬಿಟ್ಟರು’ ಎಂದೆವು. ಅತ್ತ ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದ್ದವು. ಅಲ್ಲಿಯವರು ‘ಕರ್ನಾಟಕದವರು ಆಲಮಟ್ಟಿಯಲ್ಲಿ ನೀರು ಹಿಡಿದಿಟ್ಟರು’ ಎಂದರು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ ಆಮೇಲೆ ಆಲಮಟ್ಟಿ ಇದಕ್ಕೆ ಕಾರಣವಲ್ಲ ಎಂದು ಹೇಳಿತು. ಅಲ್ಲಿ ಎಷ್ಟು ಜನ ಅದನ್ನು ನಂಬಿದರು? ಮುಂದಿನ ಮಳೆಗಾಲಗಳಲ್ಲೂ ಅದೇ ಮಾತು ಕೇಳಿಬಂತು. ಒಂದೇ ಕಣಿವೆಯ ಕೆಸರಿನಲ್ಲಿ ನಿಂತ ಇಬ್ಬರು, ನೀರಿನ ಅಂಕಿಸಂಖ್ಯೆ ಓದುವಾಗ ಎರಡು ರಾಜ್ಯಗಳವರಾಗಿದ್ದರು. 1956ಕ್ಕೆ ಮೊದಲಾಗಿದ್ದರೆ ಕನಿಷ್ಠ ಬೈಯುವುದಕ್ಕೆ ಒಂದೇ ಸರಕಾರ ಇರುತ್ತಿತ್ತು.

ಇಷ್ಟು ಹೇಳಿದ ಮೇಲೆ, ಎಲ್ಲ ಅಪನಂಬಿಕೆಯನ್ನೂ ಗಡಿಯ ತಲೆಗೆ ಕಟ್ಟುವುದು ಅನ್ಯಾಯ. ಕಚೇರಿಯಲ್ಲಿ ಕಡತ ಮುಂದೆ ಸರಿಯಲು ಕೈಬಿಸಿ ಕೇಳುವವನಿಗೆ ಮಹಾಜನ ವರದಿ ಗೊತ್ತೂ ಇರುವುದಿಲ್ಲ. ಗಡಿಯೇ ಇಲ್ಲದ ಊರುಗಳಲ್ಲೂ ಜನ ಕಚೇರಿಯನ್ನು ನಂಬುವುದಿಲ್ಲ. ಅಷ್ಟೇ ಅಲ್ಲ, ಆಳುವವರಿಗೆ ಗಡಿ ಬಹಳ ಅನುಕೂಲದ ವಸ್ತು. ಮೂಡಲಗಿಯಲ್ಲಿ ಆಸ್ಪತ್ರೆ ಏಕಿಲ್ಲ ಎಂದು ಕೇಳುವವನ ಬಾಯನ್ನು ಗಡಿಯ ಕೂಗಿನಲ್ಲಿ ಮುಚ್ಚಬಹುದು. 2022ರ ಡಿಸೆಂಬರಿನಲ್ಲಿ ಎರಡೂ ವಿಧಾನಮಂಡಲಗಳು ಪೈಪೋಟಿಯ ಮೇಲೆ ನಿರ್ಣಯ ಮಾಡಿದವು. ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಅತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಭಾಷೆಯ ನೆಪದಲ್ಲಿ ಬಸ್ಸಿನ ಕಂಡಕ್ಟರ್ ಮೇಲೆ ಹಲ್ಲೆ ನಡೆದಾಗ ಎರಡು ರಾಜ್ಯಗಳ ನಡುವಿನ ಬಸ್ಸುಗಳೇ ನಿಂತವು. ಪೆಟ್ಟು ತಿಂದವರು ಡ್ರೈವರು, ಕಂಡಕ್ಟರು, ಕ್ಲೀನರು. ದಾರಿಯಲ್ಲಿ ಸಿಕ್ಕಿಬಿದ್ದವರು ಕೂಲಿಯವರು, ಮದುವೆಗೆ ಹೊರಟವರು.

ಅಪನಂಬಿಕೆ ದೋಷವೇ ಎಂಬ ಪ್ರಶ್ನೆಯೂ ಇದೆ. ಮೂರು ಸರಕಾರಗಳನ್ನು ಕಂಡ ಮನೆಯವನು ನಾಲ್ಕನೆಯದನ್ನು ಸುಲಭಕ್ಕೆ ನಂಬದಿದ್ದರೆ ಅವನನ್ನು ದೂರುವುದು ಹೇಗೆ? ಅವನ ಅನುಮಾನವೂ ಒಂದು ಬಗೆಯ ಅನುಭವಜ್ಞಾನ. ರಸೀದಿ ಕೇಳಿ ಪಡೆಯುವ, ಉತಾರದ ಪ್ರತಿಯನ್ನು ಟ್ರಂಕಿನಲ್ಲಿ ಕಾಯ್ದಿಡುವ, ಎರಡು ಭಾಷೆಯಲ್ಲಿ ಸಹಿ ಮಾಡಬಲ್ಲ ಗಡಿನಾಡಿನವನು ಆಳುವವರ ಪಾಲಿಗೆ ಕಷ್ಟದ ಪ್ರಜೆ, ಪ್ರಜಾಪ್ರಭುತ್ವದ ಪಾಲಿಗೆ ಒಳ್ಳೆಯ ಪ್ರಜೆ. ಕೆಡುಕಿರುವುದು ಅನುಮಾನ ಬೇಸರವಾಗಿ ತಿರುಗಿ, ಯಾರು ಬಂದರೂ ಅಷ್ಟೇ ಎಂದು ಅವನು ಅರ್ಜಿ ಕೊಡುವುದನ್ನೇ ಬಿಟ್ಟಾಗ.

ನಮ್ಮ ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿಯನ್ನು ಬದಲಾಯಿಸುವ ಅಧಿಕಾರ ಸಂಸತ್ತಿನದು. ಸಂಬಂಧಿಸಿದ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. ಯಾರ ಊರು ಆಚೆಗೋ ಈಚೆಗೋ ಹೋಗುತ್ತದೆಯೋ ಅವರ ಅಭಿಪ್ರಾಯ ಕೇಳುವ ಮಾತು ಅದರಲ್ಲಿಲ್ಲ. ದೇಶ ಒಂದಾಗಿ ನಿಲ್ಲಲು ಹಾಗೆ ಬರೆದರು, ಅದರ ಕಾರಣ ನಮಗೆ ಅರ್ಥವಾಗುತ್ತದೆ. ಆದರೆ ಇದೇ ದೇ­ಶ ಕೇಳಬಲ್ಲದು ಎಂಬುದಕ್ಕೂ ಉದಾಹರಣೆ ಇದೆ. 2015ರ ಜುಲೈ 31ರ ಮಧ್ಯರಾತ್ರಿ ಭಾರತ ಮತ್ತು ಬಾಂಗ್ಲಾದೇಶಗಳು ತಮ್ಮ ಗಡಿಯೊಳಗೆ ಸಿಕ್ಕಿಕೊಂಡಿದ್ದ ಪರಸ್ಪರರ ತುಣುಕು ನೆಲಗಳನ್ನು ಬದಲಾಯಿಸಿಕೊಂಡವು. ಅಲ್ಲಿದ್ದ ಭಾರತದ ತುಣುಕುಗಳು 111, ಇಲ್ಲಿದ್ದ ಬಾಂಗ್ಲಾದ ತುಣುಕುಗಳು 51. ಅಲ್ಲಿನ ನಿವಾಸಿಗಳು ದಶಕಗಳ ಕಾಲ ಯಾವ ಸರಕಾರದ ಲೆಕ್ಕಕ್ಕೂ ಸರಿಯಾಗಿ ಸಿಗದೆ ಬಾಳಿದ್ದರು. ಅವರ ಮನೆಮನೆಗೆ ಹೋಗಿ, ನೀವು ಯಾವ ದೇಶದ ಪೌರರಾಗಲು ಬಯಸುತ್ತೀರಿ ಎಂದು ಕೇಳಲಾಯಿತು. ಎರಡು ದೇಶಗಳ ನಡುವೆ ಸಾಧ್ಯವಾದದ್ದು ಎರಡು ರಾಜ್ಯಗಳ ನಡುವೆ ಏಕೆ ಯೋಚನೆಗೂ ಬರುವುದಿಲ್ಲ? ಕೇಳಿದರೆ ಬರುವ ಉತ್ತರ ತಮಗೆ ಬೇಕಾದುದಾಗಿರಲಾರದು ಎಂಬ ಭಯ ಎರಡೂ ಕಡೆ ಇದೆ ಎಂದು ನಮ್ಮ ಗುಮಾನಿ. ರಾಜ್ಯವನ್ನೇ ಆರಿಸುವ ಮಾತು ಬಿಡೋಣ. ಯಾವ ರಾಜ್ಯದಲ್ಲಿದ್ದರೂ ನಿಮ್ಮ ಶಾಲೆ ಯಾವ ಭಾಷೆಯಲ್ಲಿರಬೇಕು, ನೋಟೀಸು ಯಾವ ಲಿಪಿಯಲ್ಲಿ ಬರಬೇಕು, ಯಾವ ಊರಿನ ಕಚೇರಿ ನಿಮಗೆ ಹತ್ತಿರ ಎಂದು ಕೇಳಲು ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾಯಬೇಕಾಗಿಲ್ಲ.

ಮೂಡಲಗಿ ಗೋಕಾಕದಿಂದ ಬೇರ್ಪಟ್ಟು 2018ರ ಹೊತ್ತಿಗೆ ತಾಲೂಕಾಯಿತು. ಅದಕ್ಕಾಗಿ ಅಲ್ಲಿಯವರು ಬಹಳ ಕಾಲ ಬೇಡಿದ್ದರು, ಬೀದಿಗೂ ಇಳಿದಿದ್ದರು. ಈ ಗಡಿಯ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ, ಯಾರೂ ಮಸಿ ಬಳಿಯಲಿಲ್ಲ. ಆದರೆ ಈಗ ಉತಾರ ತೆಗೆಸಲು ಗೋಕಾಕದವರೆಗೆ ಹೋಗಬೇಕಾಗಿಲ್ಲ ಎಂಬುದು ಆ ಹಳ್ಳಿಗಳಿಗೆ ಸಣ್ಣ ಮಾತಲ್ಲ. ಗೋಕಾಕ ಜಿಲ್ಲೆಯ ಬೇಡಿಕೆಯೂ 1997ರ ಆ ಆದೇಶದ ಹಿಂತೆಗೆತದೊಂದಿಗೆ ಸತ್ತಿಲ್ಲ. ಚುನಾವಣೆ ಬಂದಾಗಲೆಲ್ಲ ಎದ್ದು ಕೂರುತ್ತದೆ.

ಚಹದಂಗಡಿಯ ಹಿರಿಯರಿಗೆ ಮರುದಿನ ಬೆಳಗಾವಿಯಲ್ಲಿ ಕೆಲಸವಿತ್ತು. ಪಿಂಚಣಿಯ ಕಾಗದದಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿ ಬಿದ್ದಿತ್ತಂತೆ, ಎರಡು ಸಲ ಹೋಗಿ ಬಂದಿದ್ದರಂತೆ. ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ನಮಗೆ ತೋರಿಸಿದರು. ತಂದೆಯ ಗಿರಣಿಯ ಚೀಟಿ ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು, ಅವರ ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ್ ಕಾರ್ಡು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಮೂರರಲ್ಲೂ ಹೆಸರು ಮೂರು ಥರ. “ಯಾವುದು ಖರೇ ಚಾಚಾ?” ಎಂದು ನಮ್ಮ ಜೊತೆಗಿದ್ದ ಹುಡುಗ ಕೇಳಿದ. ಅವರು ಕಾಗದಗಳನ್ನು ಮಡಚಿ ಚೀಲದೊಳಗೆ ಇಟ್ಟು, “ನಾಳೆ ಸಾಹೇಬರು ಹೇಳ್ತಾರ” ಎಂದು ಎದ್ದರು.